ಮಸೂರವಿಲ್ಲದ ಸೂಕ್ಷ್ಮದರ್ಶಕ

ಪ್ರಶ್ನೆ: ಪರಮಾಣು ಬಲ ಸೂಕ್ಷ್ಮದರ್ಶಕ, ಅಂದರೆ ಎಎಫ್‌ಎಂ, ಸೂಜಿಯಿಂದ ಮುಟ್ಟಿ ಚಿತ್ರ ತೆಗೆಯುತ್ತದೆಯಂತೆ. ಹಾಗೆ ಮುಟ್ಟಿದರೆ ಜೀವಂತ ಕೋಶ ಹರಿದುಹೋಗುವುದಿಲ್ಲವೇ?

ಉತ್ತರ: ಒತ್ತಡ ಮಿತಿಯಲ್ಲಿದ್ದರೆ ಹರಿಯುವುದಿಲ್ಲ. ಸಾಮಾನ್ಯವಾಗಿ 100ರಿಂದ 200 ಮೈಕ್ರೋಮೀಟರ್ ಉದ್ದದ, ಸಿಲಿಕಾನ್ ಅಥವಾ ಸಿಲಿಕಾನ್ ನೈಟ್ರೈಡಿನಿಂದ ಮಾಡಿದ ಬಾಗುವ ಪಟ್ಟಿಯೊಂದರ ತುದಿಯಲ್ಲಿ ಈ ಸೂಜಿ ಇರುತ್ತದೆ. ಪಟ್ಟಿಯ ಬೆನ್ನಿಗೆ ಬಿದ್ದ ಲೇಸರ್ ಕಿರಣವು ಪ್ರತಿಫಲಿಸಿ ನಾಲ್ಕು ಭಾಗಗಳ ಬೆಳಕಿನ ಸಂವೇದಕವನ್ನು ತಲುಪುವುದರಿಂದ, ಪಟ್ಟಿ ಒಂದು ನ್ಯಾನೋಮೀಟರಿಗಿಂತ ಕಡಿಮೆ ಬಾಗಿದರೂ ತಿಳಿದುಬಿಡುತ್ತದೆ. ಕೋಶಗಳಿಗೆ ಬಹಳ ಮೆದುವಾದ ಪಟ್ಟಿಯನ್ನು ಆರಿಸಿ, ಸುಮಾರು ಒಂದು ನ್ಯಾನೋನ್ಯೂಟನ್ನಿನ ಆಸುಪಾಸಿನಲ್ಲಿ ಒತ್ತಿದರೆ ಪೊರೆ ತಗ್ಗುತ್ತದೆ, ಸೂಜಿ ಹಿಂದೆ ಸರಿದಾಗ ಮತ್ತೆ ಮೇಲೇಳುತ್ತದೆ. ಚೂಪು ಮೊನೆಯ ಬದಲು ಕೆಲವು ಮೈಕ್ರೋಮೀಟರಿನ ಗುಂಡು ಮಣಿಯನ್ನು ಅಂಟಿಸಿಕೊಳ್ಳುವವರೂ ಇದ್ದಾರೆ. ಜೀವಂತ ಕೋಶದ ಮಟ್ಟಿಗೆ ನನಗೂ ಅದೇ ಹಿತವೆನಿಸುತ್ತದೆ.

ಗೆರ್ಡ್ ಬಿನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗೆರ್ಬರ್ 1986ರಲ್ಲಿ ಈ ಉಪಕರಣವನ್ನು ಪ್ರಕಟಿಸಿದಾಗ ಅದರ ಪಟ್ಟಿ ಚಿನ್ನದ ತಗಡಿನದು, ಮೊನೆ ವಜ್ರದ ಚೂರು. ಅದಕ್ಕೂ ಹಿಂದಿನ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕಕ್ಕೆ ವಿದ್ಯುತ್ ಹರಿಯುವ ಮಾದರಿಯೇ ಬೇಕಿತ್ತು. ಎಎಫ್‌ಎಂಗೆ ಆ ಕಟ್ಟುಪಾಡಿಲ್ಲ, ನಿರ್ವಾತವೂ ಬೇಕಿಲ್ಲ. ಹಾಗಾಗಿಯೇ 37 ಡಿಗ್ರಿಯ ಪೋಷಕ ದ್ರವದಲ್ಲಿ ಮುಳುಗಿರುವ ಕೋಶವನ್ನೂ ಅದು ಪರೀಕ್ಷಿಸಬಲ್ಲದು.

ಪ್ರಶ್ನೆ: ಎಎಫ್‌ಎಂ ಸೂಜಿಯಿಂದ ಒತ್ತಿ ನಾವು ಅಳೆದ ಕೋಶದ ಪೆಡಸುತನ ಪ್ರಕಟಿತ ಮೌಲ್ಯದ ಎರಡರಷ್ಟು ಬಂದಿದೆ. ತಪ್ಪು ಯಾರದು?

ಉತ್ತರ: ಇಬ್ಬರದೂ ಅಲ್ಲದಿರಬಹುದು. ಆದರೂ ಮೊದಲು ಪಟ್ಟಿಯ ಸ್ಪ್ರಿಂಗ್ ಸ್ಥಿರಾಂಕವನ್ನು, ಅಂದರೆ ಅದನ್ನು ಇಷ್ಟು ಬಾಗಿಸಲು ಎಷ್ಟು ಬಲ ಬೇಕೆಂಬ ಅಂಕಿಯನ್ನು ನೋಡಿ. ಡಬ್ಬಿಯ ಮೇಲೆ ಅಚ್ಚಾದ ಅಂಕಿಯನ್ನು ನಂಬಿ ಲೆಕ್ಕ ಹಾಕಿದ್ದರೆ ಎರಡರಷ್ಟು ವ್ಯತ್ಯಾಸಕ್ಕೆ ಅದೊಂದೇ ಸಾಕು; ಪಟ್ಟಿ ಶಾಖದಿಂದ ತಾನಾಗಿ ನಡುಗುವುದನ್ನು ಅಳೆದು ಪ್ರತಿಯೊಂದನ್ನೂ ಹೊಂದಿಸಿಕೊಳ್ಳಬೇಕು. ಆಮೇಲೆ ಎಲ್ಲಿ ಒತ್ತಿದಿರಿ ಎಂಬುದು ಬರುತ್ತದೆ. ಪೆಡಸುತನ ತಿಳಿಯಲು, ಎಷ್ಟು ಬಲಕ್ಕೆ ಎಷ್ಟು ತಗ್ಗು ಎಂಬ ರೇಖೆಗೆ ಸಾಮಾನ್ಯವಾಗಿ ಹೊಂದಿಸುವ ಹರ್ಟ್ಸ್ ಸೂತ್ರವು ವಸ್ತು ಎಲ್ಲೆಡೆ ಒಂದೇ ಬಗೆಯದು, ಆಳಕ್ಕೆ ಕೊನೆಯಿಲ್ಲ ಎಂದು ಭಾವಿಸಿಕೊಳ್ಳುತ್ತದೆ. ಕೋಶವಾದರೋ ಅಂಚಿನಲ್ಲಿ ಒಂದು ಮೈಕ್ರೋಮೀಟರ್ ದಪ್ಪವೂ ಇರದೆ, ಅಲ್ಲಿ ಒತ್ತಿದ ಸೂಜಿಗೆ ಕೆಳಗಿನ ಗಾಜೇ ತಾಗಿದಂತಾಗುತ್ತದೆ. ತಗ್ಗು ದಪ್ಪದ ಶೇ. 10ನ್ನು ಮೀರದಿರಲಿ ಎಂಬ ರೂಢಿ ಹುಟ್ಟಿದ್ದು ಇದಕ್ಕಾಗಿ. ಬೇಗ ಒತ್ತಿದರೂ ಕೋಶ ಹೆಚ್ಚು ಪೆಡಸಾಗಿ ತೋರುತ್ತದೆ.

ರೋಗಿಗಳಿಂದ ಪಡೆದ ಕ್ಯಾನ್ಸರ್ ಕೋಶಗಳು ಸಾಮಾನ್ಯ ಕೋಶಗಳಿಗಿಂತ ಶೇ. 70ರಷ್ಟು ಮೆದುವಾಗಿದ್ದವು ಎಂದು 2007ರಲ್ಲಿ ಪ್ರಕಟವಾದ ಅಧ್ಯಯನದ ಬಲವಿದ್ದದ್ದು ಹೋಲಿಕೆಯಲ್ಲಿ. ನೀವೂ ಒಂದೇ ಸೂಜಿ, ಒಂದೇ ವೇಗ, ಒಂದೇ ದಿನದ ಮಾದರಿಗಳನ್ನು ಹೋಲಿಸಿ. ಪೆಡಸುತನದ ಬರೀ ಕಿಲೋಪಾಸ್ಕಲ್ ಅಂಕಿಯನ್ನು ಬೇರೆ ಪ್ರಯೋಗಾಲಯದ ಅಂಕಿಯ ಪಕ್ಕದಲ್ಲಿಟ್ಟು ತೀರ್ಮಾನಿಸಬೇಡಿ.

ಪ್ರಶ್ನೆ: ಡಿಎನ್‌ಎ ಎಳೆಯ ವ್ಯಾಸ 2 ನ್ಯಾನೋಮೀಟರ್. ಚಿತ್ರದಲ್ಲಿ ಅಗಲ ಹತ್ತಕ್ಕೂ ಮೀರಿ ಕಾಣುವುದೇಕೆ?

ಉತ್ತರ: ಸೂಜಿಯ ಮೊನೆ ಎಳೆಗಿಂತ ದಪ್ಪ. ಎಳೆಯ ನೆತ್ತಿಯನ್ನು ಮುಟ್ಟುವ ಮೊದಲೇ ಮೊನೆಯ ಪಕ್ಕ ಅದಕ್ಕೆ ತಾಗುವುದರಿಂದ, ಚಿತ್ರದ ಅಗಲದಲ್ಲಿ ಸೂಜಿಯ ಆಕಾರವೂ ಬೆರೆತಿರುತ್ತದೆ. ಎತ್ತರಕ್ಕೆ ಆ ಬೆರಕೆ ಇಲ್ಲದ ಕಾರಣ ಅದನ್ನೇ ಹೆಚ್ಚು ನಂಬುತ್ತಾರೆ, ಕಣ್ಣು ಮುಚ್ಚಿ ನಂಬುವಂತಿಲ್ಲ. ಗ್ರಾಫೈಟಿನ ಒಂದೇ ಪರಮಾಣು ದಪ್ಪದ ಪದರವಾದ ಗ್ರಾಫೀನನ್ನೇ ನೋಡಿ: ಗ್ರಾಫೈಟಿನಲ್ಲಿ ಪದರಗಳ ನಡುವಿನ ಅಂತರ 0.34 ನ್ಯಾನೋಮೀಟರ್, ಆದರೆ ಸಿಲಿಕಾನ್ ಆಕ್ಸೈಡಿನ ಮೇಲಿಟ್ಟ ಒಂಟಿ ಪದರ ಹಲವೊಮ್ಮೆ 1 ನ್ಯಾನೋಮೀಟರಿನಷ್ಟು ಎತ್ತರ ತೋರಿಸುತ್ತದೆ. ಅಡಿಯಲ್ಲಿ ಸಿಕ್ಕಿಕೊಂಡ ನೀರು ಒಂದು ಕಾರಣ. ಸೂಜಿಗೂ ಆಕ್ಸೈಡಿಗೂ ಇರುವ ಸೆಳೆತ, ಸೂಜಿಗೂ ಗ್ರಾಫೀನಿಗೂ ಇರುವ ಸೆಳೆತ ಒಂದೇ ಅಲ್ಲದಿರುವುದು ಇನ್ನೊಂದು. ಪದರ ಮಡಚಿಕೊಂಡಿರುವ ಅಂಚು ಸಿಕ್ಕರೆ ಅಲ್ಲಿ ಅಳೆಯಿರಿ; ಮೆಟ್ಟಿಲಿನ ಎರಡೂ ಕಡೆ ಗ್ರಾಫೀನೇ ಇರುವುದರಿಂದ ಸೆಳೆತದ ಆ ವ್ಯತ್ಯಾಸ ಅಲ್ಲಿ ಅಡ್ಡಬರುವುದಿಲ್ಲ.