‘ಕೊಟ್ಟಿಗೆ ಕೆಲಸ’ ಎಂಬುದು ಒಂದು ಕೆಲಸವಲ್ಲ

ಮದ್ದೂರು ತಾಲ್ಲೂಕಿನ ಓದುಗರೊಬ್ಬರು, ಹೆಸರು ಹಾಕಬಾರದೆಂದು ಕೇಳಿಕೊಂಡು, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಎರಡು ವರ್ಷಗಳ ಹಿಂದೆ ಅವರ ಯಜಮಾನರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಶಸ್ತ್ರಚಿಕಿತ್ಸೆ, ಹಲವು ತಿಂಗಳ ಫಿಸಿಯೋಥೆರಪಿ ಎಲ್ಲ ಮುಗಿದು ಈಗ ಚೆನ್ನಾಗಿಯೇ ನಡೆದಾಡುತ್ತಾರೆ, ಮಾತನಾಡುತ್ತಾರೆ. ಆದರೆ ಬೆಳಿಗ್ಗೆ ಜಗಲಿಯ ಮೇಲೆ ಕುಳಿತರೆ ಕುಳಿತೇ ಇರುತ್ತಾರೆ. ಕೊಟ್ಟಿಗೆಗೆ ಕಳುಹಿಸಿದರೆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬರುತ್ತಾರೆ. ಸಂಜೆಯಾದರೆ ಸಣ್ಣ ಮಾತಿಗೂ ರೇಗುತ್ತಾರೆ. ‘ಕೈಕಾಲು ನೆಟ್ಟಗಿವೆ, ಬರೀ ಮೈಗಳ್ಳತನ’ ಎಂದು ಊರಿನವರು ಆಡಿಕೊಳ್ಳುತ್ತಿದ್ದಾರೆ. ವೈದ್ಯರು ಆಕ್ಯುಪೇಷನಲ್ ಥೆರಪಿಗೆ ಚೀಟಿ ಬರೆದುಕೊಟ್ಟಿದ್ದಾರೆ. ‘ಅಲ್ಲಿ ಉದ್ಯೋಗ ಕೊಡಿಸುತ್ತಾರೆಯೇ? ಇವರು ಮೊದಲಿನಂತಾಗುತ್ತಾರೆಯೇ? ಮೊನ್ನೆ ಗ್ಯಾಸ್ ಸೋರುತ್ತಿದ್ದರೂ ಪಕ್ಕದಲ್ಲೇ ಸುಮ್ಮನೆ ಕುಳಿತಿದ್ದರಲ್ಲ, ಅದೂ ಮೈಗಳ್ಳತನವೇ?’ ಎಂಬುದು ಅವರ ಪ್ರಶ್ನೆ.

ಸಹೋದರಿ,

ನಾನು ವೈದ್ಯನಲ್ಲ, ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು. ಆದರೆ ‘ಮೈಗಳ್ಳತನ’ ಎಂಬ ಮಾತು ತಪ್ಪು ಎಂದು ಹೇಳಲು ನನಗೆ ಯಾವ ಅಳುಕೂ ಇಲ್ಲ. ಕೆಲಸವನ್ನು ಮಾಡುವುದು ಹೇಗೆ ಒಂದು ಸಾಮರ್ಥ್ಯವೋ, ಅದನ್ನು ಶುರು ಮಾಡುವುದೂ ಹಾಗೆಯೇ ಒಂದು ಸಾಮರ್ಥ್ಯ. ಹಣೆಯ ಹಿಂದಿರುವ ಮೆದುಳಿನ ಮುಂಭಾಗವು ಕೆಲಸಕ್ಕೆ ಕೈಹಚ್ಚುವುದು, ಒಂದಾದ ಮೇಲೆ ಒಂದನ್ನು ಜೋಡಿಸುವುದು, ನಡುವೆ ಬೇರೆ ಕಡೆ ಗಮನ ಹರಿಯದಂತೆ ಹಿಡಿದಿಡುವುದು, ಮುಗಿಯಿತೇ ಎಂದು ನೋಡಿಕೊಳ್ಳುವುದು ಮೊದಲಾದವುಗಳ ಮೇಲ್ವಿಚಾರಕನಂತಿದೆ. ಬೈಕಿನಿಂದ ಬಿದ್ದವರಲ್ಲಿ ಪೆಟ್ಟು ತಿನ್ನುವುದು ಬಹಳ ಸಲ ಈ ಭಾಗವೇ. ಹೇಗೆ ಹಾಲು ಕರೆಯಬೇಕೆಂದು ನಿಮ್ಮ ಯಜಮಾನರನ್ನು ಕೇಳಿ ನೋಡಿ, ಒಂದೂ ತಪ್ಪದೆ ಹೇಳಿಯಾರು. ತಿಳಿವಳಿಕೆ ಉಳಿದಿದೆ, ತಿಳಿದದ್ದಕ್ಕೂ ಎದ್ದು ಹೋಗುವುದಕ್ಕೂ ನಡುವಿನ ಕೊಂಡಿ ಸಡಿಲವಾಗಿದೆ. ಬೈಗುಳದಿಂದ ಆ ಕೊಂಡಿ ಬಿಗಿಯಾಗುವುದಿಲ್ಲ.

ಇನ್ನು ಆಕ್ಯುಪೇಷನಲ್ ಥೆರಪಿಯ ವಿಚಾರ. ‘ಔದ್ಯೋಗಿಕ ಚಿಕಿತ್ಸೆ’ ಎಂಬ ನಮ್ಮ ಅನುವಾದವೇ ನಿಮ್ಮನ್ನು ದಾರಿ ತಪ್ಪಿಸಿದೆ. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸವಲ್ಲ. ಸ್ನಾನ ಮಾಡುವುದು, ಉಣ್ಣುವುದು, ಸಂತೆಗೆ ಹೋಗಿ ಬರುವುದು, ಮಗಳ ಶಾಲೆಯ ಚೀಲ ಹೊಂದಿಸುವುದು, ಹೀಗೆ ಮನುಷ್ಯನ ದಿನವನ್ನು ತುಂಬುವ ಎಲ್ಲವೂ ಅದರೊಳಗೆ ಸೇರುತ್ತದೆ. ‘ಕಾಯಕ’ ಎಂಬ ಪದವನ್ನು ಬಳಸಬಹುದಿತ್ತೇನೋ, ಆದರೆ ಈಚೆಗೆ ಅದನ್ನು ದುಡಿಯಲಾಗದವರನ್ನು ಹಂಗಿಸುವುದಕ್ಕೇ ಹೆಚ್ಚಾಗಿ ಬಳಸುವುದರಿಂದ ನನಗೆ ಹಿಂಜರಿಕೆ. ಈ ವಿದ್ಯೆ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಕಮಲಾ ನಿಂಬ್ಕರ್ ಅವರು 1950ರಲ್ಲೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದರ ತರಬೇತಿ ಶಾಲೆಯನ್ನು ಆರಂಭಿಸಿದರು. ಫಿಸಿಯೋಥೆರಪಿಯವರು ನಿಮ್ಮ ಯಜಮಾನರ ಕಾಲಿಗೆ ನಡೆಯುವ ಬಲ ತಂದುಕೊಟ್ಟರು. ಆ ಕಾಲು ಕೊಟ್ಟಿಗೆಗೆ ಹೋಗಿ, ಕೆಲಸ ಮುಗಿಸಿ, ಹಿಂದಿರುಗಿ ಬರುವಂತೆ ಮಾಡುವುದು ಇವರ ಪಾಲಿನದು.

ಅದು ನಡೆಯುವ ಬಗೆಯನ್ನು ನಿಮ್ಮ ಕೊಟ್ಟಿಗೆಯನ್ನೇ ಹಿಡಿದು ಹೇಳುತ್ತೇನೆ. ‘ಕೊಟ್ಟಿಗೆ ಕೆಲಸ ಮಾಡಿ’ ಎಂದು ನೀವು ಒಂದೇ ಮಾತಿನಲ್ಲಿ ಹೇಳುತ್ತೀರಿ. ಎಣಿಸಿ ನೋಡಿದರೆ ಅದರಲ್ಲಿ ಸಗಣಿ ಬಾಚುವುದು, ಮಂಕರಿಗೆ ತುಂಬಿ ತಿಪ್ಪೆಗೆ ಹಾಕುವುದು, ನೆಲ ತೊಳೆಯುವುದು, ಬೂಸಾ ನೆನೆಸುವುದು, ನೀರು ಕುಡಿಸುವುದು, ಕೆಚ್ಚಲು ತೊಳೆಯುವುದು, ಹಾಲು ಕರೆಯುವುದು, ಡೇರಿಗೆ ಹೊತ್ತಿಗೆ ಸರಿಯಾಗಿ ತಲುಪಿಸುವುದು, ಇಷ್ಟೂ ಅಡಗಿವೆ. ಥೆರಪಿಸ್ಟ್ ಮೊದಲು ಮಾಡುವುದೇ ಈ ಎಣಿಕೆ. ಆಮೇಲೆ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಏಳುವುದೇ ಆಗದಿದ್ದರೆ ಅದಕ್ಕೆ ಒಂದು ದಾರಿ, ಮಂಕರಿ ಹುಡುಕುತ್ತಾ ಹೋಗಿ ಬಂದ ಕೆಲಸವನ್ನೇ ಮರೆತರೆ ಇನ್ನೊಂದು ದಾರಿ. ಎಷ್ಟೋ ಸಲ ಬದಲಾಗಬೇಕಾದುದು ಮನುಷ್ಯನಲ್ಲ, ಜಾಗ: ಮಂಕರಿ, ಪೊರಕೆ, ಬಕೆಟ್ಟು, ಹಾಲಿನ ಕ್ಯಾನು ಬಳಸುವ ಕ್ರಮದಲ್ಲೇ ಒಂದರ ಪಕ್ಕ ಒಂದು ಇದ್ದರೆ, ಕಣ್ಣಿಗೆ ಬಿದ್ದ ವಸ್ತುವೇ ಮುಂದಿನ ಕೆಲಸವನ್ನು ನೆನಪಿಸುತ್ತದೆ. ಫೋನಿನಲ್ಲಿ ಐದೂವರೆಗೆ ಒಂದು ಅಲಾರಂ, ಗೋಡೆಯ ಮೇಲೆ ದೊಡ್ಡ ಅಕ್ಷರದ ಒಂದು ಹಲಗೆ. ಇವು ನಾಚಿಕೆಪಡುವ ವಸ್ತುಗಳಲ್ಲ, ಕಣ್ಣು ಮಂಜಾದವರಿಗೆ ಕನ್ನಡಕವಿದ್ದಂತೆ. ಮೊದಲ ವಾರ ನೆಲ ತೊಳೆಯುವುದೊಂದೇ ಅವರ ಪಾಲಿಗಿರಲಿ, ಆದರೆ ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ನಡೆಯಲಿ.

ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕು. ‘ಮುಂದೇನು ಮಾಡಬೇಕು, ನೆನಪು ಮಾಡಿಕೊಂಡು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ. ನೆನಪಿನ ಶಕ್ತಿ ಕುಂದಿದವರು ಊಹಿಸಿ ತಪ್ಪು ಮಾಡಿದರೆ, ಆ ತಪ್ಪೇ ಅವರಲ್ಲಿ ಅಚ್ಚೊತ್ತಿ ನಿಲ್ಲುವುದುಂಟು. ಮೊದಲ ಸಲವೇ ಸರಿಯಾದುದನ್ನು ತೋರಿಸಿ, ಜೊತೆಯಲ್ಲಿ ನಿಂತು ಮಾಡಿಸಿ, ದಿನ ಕಳೆದಂತೆ ನೀವು ಒಂದೊಂದು ಹೆಜ್ಜೆ ಹಿಂದೆ ಸರಿಯಿರಿ. ಅಂಗಿಯ ಗುಂಡಿಯನ್ನೂ ನೀವೇ ಹಾಕುವುದಾಗಿ ಬರೆದಿದ್ದೀರಿ. ಅದರಲ್ಲಿರುವ ಅಕ್ಕರೆ ನನಗೆ ಅರ್ಥವಾಗುತ್ತದೆ, ಆದರೂ ಕಟುವಾಗಿ ಹೇಳುತ್ತೇನೆ: ಊರಿನವರ ಹಂಗಿಸುವಿಕೆಯೂ ನಿಮ್ಮ ಅಕ್ಕರೆಯೂ ಅವರನ್ನು ಜಗಲಿಯ ಮೇಲೆಯೇ ಕೂರಿಸುತ್ತವೆ. ಗುಂಡಿಗೆ ಹತ್ತು ನಿಮಿಷ ಹಿಡಿದರೆ ಹಿಡಿಯಲಿ.

ಸಂಜೆಯ ಸಿಟ್ಟಿಗೆ ಬಹುಮಟ್ಟಿಗೆ ದಣಿವೇ ಕಾರಣವಿರಬೇಕು. ಗಾಯವಾದ ಮೆದುಳು ನಮಗೆ ಲೆಕ್ಕಕ್ಕಿಲ್ಲದ ಕೆಲಸಕ್ಕೂ ಹೆಚ್ಚು ಶ್ರಮಪಡುತ್ತದೆ. ನಾಲ್ಕು ಜನ ಒಟ್ಟಿಗೆ ಮಾತನಾಡುವುದು, ಜೊತೆಗೆ ಟಿವಿ ಧಾರಾವಾಹಿಯ ಸದ್ದು, ಇಷ್ಟೇ ಸಾಕು ಅವರನ್ನು ಹಿಂಡಿಹಾಕಲು. ದಣಿದ ಮೇಲೆ ಮಲಗುವುದಲ್ಲ, ದಣಿಯುವ ಮೊದಲೇ ವಿಶ್ರಾಂತಿ ಪಡೆಯಬೇಕು. ಕಷ್ಟದ ಕೆಲಸಗಳನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಸಂಬಂಧಿಕರು ಸಂಜೆಯ ಬದಲು ಬೆಳಿಗ್ಗೆ ಬರಲಿ, ಅದೂ ಒಬ್ಬಿಬ್ಬರು.

ಮೊದಲಿನಂತಾಗುತ್ತಾರೆಯೇ ಎಂಬ ಪ್ರಶ್ನೆಗೆ ಹೌದು ಎಂದು ಬರೆದರೆ ನಿಮಗೆ ಮೋಸ ಮಾಡಿದಂತೆ. ಚೇತರಿಕೆ ಮೊದಲ ತಿಂಗಳುಗಳಲ್ಲಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಆದರೆ ಎರಡು ವರ್ಷಕ್ಕೆ ಬಾಗಿಲು ಮುಚ್ಚುತ್ತದೆ ಎಂಬುದು ಸುಳ್ಳು. ಅಭ್ಯಾಸದಿಂದ ಕಲಿಯುವುದು ವರ್ಷಗಳ ನಂತರವೂ ಸಾಧ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಒಂದು ವಿಭಾಗವಿದೆ. ನಾಲ್ಕು ಜನರ ನಡುವೆ ಮಾತಿನ ಎಳೆ ತಪ್ಪುತ್ತದೆ ಎಂದು ಬರೆದಿದ್ದೀರಲ್ಲ, ಅದಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಬೈಕು ಮತ್ತು ಮೇವು ಕತ್ತರಿಸುವ ಯಂತ್ರ, ಇವೆರಡನ್ನು ವೈದ್ಯರು ಒಪ್ಪುವವರೆಗೆ ಮುಟ್ಟಗೊಡಬೇಡಿ. ತಲೆಗೆ ಪೆಟ್ಟಾದವರಿಗೆ ತಡವಾಗಿಯೂ ಫಿಟ್ಸ್ ಬರುವ ಸಾಧ್ಯತೆ ಇರುತ್ತದೆ.

ಕೊನೆಗೆ ಗ್ಯಾಸಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಅದೇ. ವಾಸನೆಯನ್ನು ಮೆದುಳಿಗೆ ಒಯ್ಯುವ ನರದ ಎಳೆಗಳು ಮೂಗಿನ ಮೇಲ್ಭಾಗದ ಜರಡಿಯಂಥ ತೆಳು ಮೂಳೆಯ ರಂಧ್ರಗಳನ್ನು ಹಾದು ಹೋಗುತ್ತವೆ. ತಲೆ ಜೋರಾಗಿ ಅಪ್ಪಳಿಸಿದಾಗ ಅವು ಹರಿದುಹೋಗಬಹುದು. ಅವರು ಸುಮ್ಮನೆ ಕುಳಿತಿದ್ದಲ್ಲ, ಅವರಿಗೆ ವಾಸನೆಯೇ ಬಂದಿರಲಿಕ್ಕಿಲ್ಲ. ಇದನ್ನು ವೈದ್ಯರಿಗೆ ತಿಳಿಸಿ. ಒಲೆಯ ಕೆಲಸ ಮುಗಿದ ಕೂಡಲೇ ರೆಗ್ಯುಲೇಟರ್ ಬಂದ್ ಮಾಡುವುದು ಮನೆಯವರೆಲ್ಲರ ರೂಢಿಯಾಗಲಿ. ಗ್ಯಾಸ್ ಸೋರಿದರೆ ಕೂಗುವ ಯಂತ್ರವೂ ಅಂಗಡಿಗಳಲ್ಲಿ ಸಿಗುತ್ತದೆ. ನಾಳೆ ಅವರು ಕೊಟ್ಟಿಗೆಯ ಉಳಿದ ಕೆಲಸಗಳನ್ನೆಲ್ಲ ವಹಿಸಿಕೊಂಡರೂ, ಕ್ಯಾನಿನ ಹಾಲು ಕೆಟ್ಟಿದೆಯೇ ಎಂದು ಮೂಸಿ ನೋಡುವುದು ಮಾತ್ರ ನಿಮ್ಮ ಪಾಲಿಗೇ ಇರಲಿ.

— ಸಂಪಾದಕ