ಹಿಡಿ ಬಿಚ್ಚದೆ ಸಹಿ ಕಂಡದ್ದು ಹೇಗೆ?

ಪ್ರಶ್ನೆ: ಮೇಡಂ, ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಆನ್‌ಲೈನ್ ಹರಾಜಿನಲ್ಲಿ ಒಂದು ಸಮುರಾಯ್ ಕತ್ತಿ ನೋಡಿದೆ. 700 ವರ್ಷ ಹಳೆಯದು, ಮಸಮುನೆ ಸಹಿ ಇದೆ, ಜಪಾನ್ ಸರ್ಕಾರದ ಸರ್ಟಿಫಿಕೇಟೂ ಇದೆ ಅಂತ ಹಾಕಿದ್ದಾರೆ. ಬೆಲೆ 2,200 ಡಾಲರ್‌ಗೆ ಬಂದಿದೆ. ಹಿಡಿ ಬಿಚ್ಚಿದ ಫೋಟೊ ಕೇಳಿದರೆ, ಬಿಚ್ಚಿದರೆ ಹಾಳಾಗುತ್ತದೆ ಎಂದರು. ಭಾನುವಾರ ಹರಾಜು ಮುಗಿಯುತ್ತದೆ. ಕೊಳ್ಳಲೇ?

ಉತ್ತರ: ಈಗಲೇ ಬೇಡ. ಜಪಾನಿನ ಕತ್ತಿಯಲ್ಲಿ ಸಹಿ ಇರುವುದು ಹಿಡಿಯೊಳಗೆ ಮುಚ್ಚಿಹೋಗುವ ಭಾಗದ ಮೇಲೆ. ಅದಕ್ಕೆ ನಕಾಗೊ ಅನ್ನುತ್ತಾರೆ. ಹಿಡಿಯನ್ನೇ ಬಿಚ್ಚದವರಿಗೆ ಸಹಿ ಕಂಡದ್ದು ಹೇಗೆ? ಹಿಡಿಯನ್ನು ಹಿಡಿದಿರುವುದು ಸಾಮಾನ್ಯವಾಗಿ ಒಂದು ಬಿದಿರಿನ ಗೂಟ. ಗೊತ್ತಿರುವವರು ಮೆಲ್ಲಗೆ ತಟ್ಟಿ ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಅದನ್ನು ಬಿಚ್ಚಿ ನೋಡಲೆಂದೇ ಹಾಗೆ ಮಾಡಿರುವುದು.

ನಕಾಗೊ ಸುಳ್ಳು ಹೇಳುವುದು ಕಷ್ಟ. ಅದರ ತುಕ್ಕನ್ನು ಯಾರೂ ಉಜ್ಜಿ ತೆಗೆಯುವುದಿಲ್ಲ, ತೆಗೆಯಲೂಬಾರದು. ಹಾಗಾಗಿ ನಿಜವಾಗಿ ಹಳೆಯದಾದರೆ ಹಳೇ ಮನೆಯ ಬಾಗಿಲ ಚಿಲಕದ ಹಾಗೆ ಕಪ್ಪುಗಟ್ಟಿ ನುಣುಪಾಗಿರುತ್ತದೆ. ಉಳಿಯಿಂದ ಕೆತ್ತಿದ ಅಕ್ಷರದ ಗೆರೆಯೊಳಗೂ ಅದೇ ಬಣ್ಣ. ಕೆಂಪಗೆ ಪುಡಿಪುಡಿಯಾಗಿ ಉದುರುವ ತುಕ್ಕು, ಇಲ್ಲವೇ ಕಪ್ಪು ಲೋಹದಲ್ಲಿ ಗೆರೆ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅಲ್ಲಿಗೇ ಬಿಡಿ.

ಇನ್ನು ಮಸಮುನೆ. ಸಾಗಾಮಿ ಪ್ರಾಂತ್ಯದಲ್ಲಿ ಸುಮಾರು 700 ವರ್ಷದ ಹಿಂದೆ ಕತ್ತಿ ಮಾಡುತ್ತಿದ್ದ ಮಹಾ ಕುಶಲಿ. ಅವನದೆಂದು ಒಪ್ಪಿರುವ ಕತ್ತಿಗಳಲ್ಲಿ ಬಹುಪಾಲಿಗೆ ಸಹಿಯೇ ಇಲ್ಲ! ಒಳ್ಳೆಯವು ಕೆಲವು ಜಪಾನಿನಲ್ಲಿ ರಾಷ್ಟ್ರೀಯ ನಿಧಿಗಳು. ಅವನ ಹೆಸರನ್ನು ಕಳ್ಳತನದಲ್ಲಿ ಕೆತ್ತುವುದು ಶತಮಾನಗಳಿಂದ ನಡೆದುಬಂದಿದೆ. ಆದ್ದರಿಂದ ಆ ಸಹಿ ಕಂಡರೆ ನನಗೆ ಸಂತೋಷಕ್ಕಿಂತ ಅನುಮಾನವೇ ಜಾಸ್ತಿ.

ಸರ್ಟಿಫಿಕೇಟ್ ಯಾವುದು ಅಂತ ಕೇಳಿ. ಹೆಚ್ಚಾಗಿ ಅದು ತೊರೊಕುಶೊ ಆಗಿರುತ್ತದೆ, ಅಂದರೆ ಅಲ್ಲಿನ ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಡುವ ನೋಂದಣಿ ಚೀಟಿ. ಅಲಗಿನ ಉದ್ದ, ಗೂಟದ ತೂತು, ಇದ್ದರೆ ಸಹಿ, ಇಷ್ಟು ಬರೆದಿರುತ್ತಾರೆ. ಸಹಿ ಅಸಲಿಯೋ ನಕಲಿಯೋ ಅಂತ ಅದು ಹೇಳುವುದಿಲ್ಲ. ಕತ್ತಿಯನ್ನು ದೇಶದಿಂದ ಹೊರಗೆ ಕಳಿಸುವಾಗ ಆ ಚೀಟಿಯನ್ನು ವಾಪಸ್ ಕೊಡಬೇಕು. ಅಮೆರಿಕದಲ್ಲಿ ಕತ್ತಿಯ ಜೊತೆ ಚೀಟಿಯೂ ಇದೆ ಎಂದರೆ ಅದು ಈ ಕತ್ತಿಯದ್ದೇನಾ ಎನ್ನುವ ಪ್ರಶ್ನೆ ಏಳುತ್ತದೆ, ಅಲ್ವಾ?

ನಂಬಿಕೆಗೆ ಬರುವುದು ಎನ್‌ಬಿಟಿಎಚ್‌ಕೆ ಪತ್ರ. ಕತ್ತಿಗಳನ್ನು ಪರೀಕ್ಷಿಸಿ ಪತ್ರ ಕೊಡುವ, 1948ರಲ್ಲಿ ಶುರುವಾದ, ಟೋಕಿಯೋದ ಸಂಸ್ಥೆ ಅದು. ಪತ್ರದಲ್ಲಿ ನಕಾಗೊ ಫೋಟೊ ಇರುತ್ತದೆ. ತೂತಿನ ಜಾಗ, ಅರದ ಗೆರೆ, ತುಕ್ಕಿನ ಕಲೆ ಎಲ್ಲವನ್ನೂ ಕತ್ತಿಯ ಜೊತೆ ಹೋಲಿಸಿ. 1982ಕ್ಕೆ ಮುಂಚಿನ ಹಳೇ ಪತ್ರ, ಅದರಲ್ಲೂ ಹಸಿರು ಬಣ್ಣದ್ದು ಬಂದರೆ ಸಂಗ್ರಾಹಕರು ಮತ್ತೆ ಪರೀಕ್ಷೆಗೆ ಕಳಿಸಿ ಅನ್ನುತ್ತಾರೆ.

"ಅಜ್ಜ ಯುದ್ಧದಿಂದ ತಂದದ್ದು" ಎಂಬ ಕತೆಯೂ ಬಂದರೆ, ಮಾರುವವರ ಬೇರೆ ಸರಕು ನೋಡಿ. ಅಜ್ಜನ ಕತ್ತಿಗಳೇ ನಾಲ್ಕಾರು ಇದ್ದರೆ ಸುಮ್ನೆ ಮುಂದೆ ಹೋಗಿ. ಎರಡನೇ ಮಹಾಯುದ್ಧದ ಅಧಿಕಾರಿಗಳ ಎಷ್ಟೋ ಕತ್ತಿಗಳು ಕಾರ್ಖಾನೆಯ ಉಕ್ಕಿನವು. ಕೆಲವದರ ನಕಾಗೊ ಮೇಲೆ ಚಿಕ್ಕ ಮುದ್ರೆಯೂ ಇರುತ್ತದೆ.

ಭಾನುವಾರದೊಳಗೆ ನಕಾಗೊದ ಎರಡೂ ಬದಿಯ ಫೋಟೊ ಬಂದರೆ ನನಗೆ ಕಳಿಸಿ, ನೋಡಿ ಹೇಳುತ್ತೇನೆ. ಬರದಿದ್ದರೆ ಹರಾಜು ಮುಗಿಯಲಿ ಬಿಡಿ. ಅದೇ ದುಡ್ಡಿಗೆ ಒಳ್ಳೆಯ ವ್ಯಾಪಾರಿಯ ಹತ್ತಿರ ಎನ್‌ಬಿಟಿಎಚ್‌ಕೆ ಅಸಲಿ ಎಂದು ಕೊಡುವ ಹೊಜೋನ್ ಪತ್ರವಿರುವ, ಸಹಿಯಿಲ್ಲದ ಒಂದು ವಾಕಿಜಾಶಿ, ಅಂದರೆ ಗಿಡ್ಡ ಕತ್ತಿ, ಸಿಗಬಹುದು. ಉದ್ದದಲ್ಲಿ ಚಿಕ್ಕದು, ಆದರೆ ಅಸಲಿ.