ಕೈ ಜುಮ್ಮೆಂದರೆ ನೋವು ಕರಗಿತು ಅಂತಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಬರೆದವರು ಬೇರೆ ಬೇರೆ, ವಯಸ್ಸು ಬೇರೆ ಬೇರೆ, ನಡೆದದ್ದು ಮಾತ್ರ ಒಂದೇ. ಹಿಂದೆ ಇದಕ್ಕೆ ನಾಲ್ಕು ಸಾಲಿನ ಉತ್ತರ ಕೊಟ್ಟಿದ್ದೆ. ಅದು ಸಾಲಲಿಲ್ಲ ಅಂತ ಈಗ ಗೊತ್ತಾಗುತ್ತಿದೆ. ಹಾಗಾಗಿ ಇವತ್ತಿನ ಜಾಗವೆಲ್ಲ ಹೆಚ್ಚುಕಡಿಮೆ ಅದಕ್ಕೇ. ಮುಕ್ತ ನೃತ್ಯ ಅಂದರೆ ಕಲಿತ ಹೆಜ್ಜೆಗಳಿಲ್ಲದೆ, ಮೈ ಕಡೆ ಗಮನ ಕೊಟ್ಟು ಚಲಿಸುವುದು. ಅರಿವಿನ ನೃತ್ಯ ಅಂತಲೂ ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಪರಿಚಯ ಮತ್ತೆ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಅರಿವಿನ ನೃತ್ಯದ ಶಿಬಿರಕ್ಕೆ ಹೋಗಿದ್ದೆ. ಕಣ್ಣು ಮುಚ್ಚಿ, ಬಾಯಿಂದ ಜೋರಾಗಿ ಉಸಿರು ಎಳೆದು ಬಿಡುತ್ತಾ ಕುಣಿಯಿರಿ ಅಂದರು. ಹತ್ತು ನಿಮಿಷಕ್ಕೆ ತುಟಿ, ಕೈ ಜುಮ್ಮೆನ್ನತೊಡಗಿತು. ಬೆರಳು ಸೆಟೆದುಕೊಂಡವು. ತಲೆ ಸುತ್ತಿತು, ಅಳು ಬಂತು. ನಿಲ್ಲಿಸಲು ಹೋದಾಗ, "ಮೈಯಲ್ಲಿ ಹುದುಗಿದ್ದ ಹಳೇ ನೋವು ಹೊರಗೆ ಬರ್ತಿದೆ, ತಡೀಬೇಡಿ" ಅಂದರು. ಆಮೇಲೆ ಮೂರು ರಾತ್ರಿ ನಿದ್ದೆ ಇಲ್ಲ. ಮುಂದಿನ ಶಿಬಿರಕ್ಕೆ ಹೋಗಲಾ?

ಹೋಗಬೇಡಿ. ಅವರ ಹತ್ತಿರವಂತೂ ಬೇಡವೇ ಬೇಡ.

ನಿಮ್ಮ ಬೆರಳು ಸೆಟೆದುಕೊಂಡದ್ದಕ್ಕೂ ನಿಮ್ಮ ಹಳೇ ನೋವಿಗೂ ಸಂಬಂಧವಿಲ್ಲ. ಅದು ಉಸಿರಿನ ಲೆಕ್ಕ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ದೇಹಕ್ಕೆ ಬೇಕಾದ್ದಕ್ಕಿಂತ ಜೋರಾಗಿ ಉಸಿರಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಗ ಬೇಗ ಹೊರಗೆ ಹೋಗಿಬಿಡುತ್ತದೆ. ಅದು ಬರೀ ಕಸ ಅಲ್ಲ. ರಕ್ತದ ಆಮ್ಲ, ಕ್ಷಾರಗಳ ಹದ ಕಾಯುವುದರಲ್ಲಿ ಅದರ ಪಾಲು ದೊಡ್ಡದು. ಅದು ಇಳಿದರೆ ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಪ್ರೋಟೀನಿಗೆ ಅಂಟಿಕೊಂಡು ಕಡಿಮೆಯಾಗುತ್ತದೆ. ಆ ಕ್ಯಾಲ್ಸಿಯಂ ನರಗಳಿಗೆ ಕಡಿವಾಣ ಇದ್ದ ಹಾಗೆ. ಕಡಿವಾಣ ಸಡಿಲವಾದರೆ ನರಗಳು ಕಾರಣವಿಲ್ಲದೆ ಮಿಡಿಯುತ್ತವೆ. ಮೊದಲು ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ. ಆಮೇಲೆ ಮಣಿಕಟ್ಟು ಬಾಗುತ್ತದೆ, ಹೆಬ್ಬೆರಳು ಅಂಗೈ ಕಡೆ ಸೇರಿಕೊಳ್ಳುತ್ತದೆ, ಉಳಿದ ನಾಲ್ಕು ಬೆರಳು ನೆಟ್ಟಗಾಗಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ನೀವು ಬಿಡಿಸಲು ಹೋದರೂ ಬಿಡುವುದಿಲ್ಲ. ಇದೇ ಹೊತ್ತಿಗೆ ಮೆದುಳಿನ ರಕ್ತನಾಳಗಳೂ ಕಿರಿದಾಗುತ್ತವೆ. ತಲೆ ಸುತ್ತುವುದು, ಕೋಣೆ ದೂರ ಸರಿದ ಹಾಗೆ ಕಾಣುವುದು ಅದಕ್ಕೇ.

ಬದುಕಿನಲ್ಲಿ ಒಂದು ದಿನವೂ ಅತ್ತಿಲ್ಲದ ಮನುಷ್ಯನನ್ನು ಕರೆತಂದು ಹೀಗೆ ಉಸಿರಾಡಿಸಿದರೂ ಅವನ ಕೈ ಜುಮ್ಮೆನ್ನುತ್ತದೆ. ಮೆದುಳಿನ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ಮಾಡಿಸಿಕೊಂಡವರಿಗೆ ಗೊತ್ತಿರಬಹುದು, ಅಲ್ಲಿ ಸುಮಾರು 3 ನಿಮಿಷ ಬೇಕಂತಲೇ ಜೋರಾಗಿ ಉಸಿರಾಡಿಸುತ್ತಾರೆ. ಕೆಲವು ಬಗೆಯ ಮೂರ್ಛೆ ಕಾಯಿಲೆಯ ಗುರುತು ಆಗ ಮೆದುಳಿನ ಅಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪರೀಕ್ಷಾ ಕೋಣೆಯಲ್ಲಿ, ಕಾವಲಿನಲ್ಲಿ, ಮೂರು ನಿಮಿಷ ಮಾಡಿಸುವ ಕೆಲಸವನ್ನು ಇಂಥ ಶಿಬಿರಗಳಲ್ಲಿ ಮೂವತ್ತು ಅಪರಿಚಿತರಿಗೆ ಕತ್ತಲೆ ಹಾಲ್‌ನಲ್ಲಿ, ಕಣ್ಣು ಮುಚ್ಚಿಸಿ, ಹತ್ತಿಪ್ಪತ್ತು ನಿಮಿಷ ಮಾಡಿಸುತ್ತಾರೆ. ಯಾರಿಗೆ ಮೂರ್ಛೆ ರೋಗ ಇದೆ, ಯಾರು ಬಸುರಿ, ಯಾರ ಹೃದಯ ಹೇಗಿದೆ ಅಂತ ಒಂದು ಮಾತೂ ಕೇಳಿರುವುದಿಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಬರಲೇಬೇಕು ಅಂತ ನನ್ನ ಅನಿಸಿಕೆ.

ಇನ್ನು "ನೋವು ಸ್ನಾಯುವಿನಲ್ಲಿ ಕೂತಿರುತ್ತದೆ" ಅನ್ನುವ ಮಾತು. ಅರ್ಧ ನಿಜ ಇರುವುದರಿಂದಲೇ ಇದು ಇಷ್ಟು ಓಡುತ್ತದೆ. ಹೆದರಿಕೆಯಲ್ಲಿ ವರ್ಷಗಟ್ಟಲೆ ಬದುಕಿದವರ ಭುಜ ಕಿವಿಯ ಹತ್ತಿರ ಏರಿ ನಿಂತಿರುವುದನ್ನು, ದವಡೆ ಬಿಗಿದಿರುವುದನ್ನು ನಾನು ಕಲಿಸುವ ನೃತ್ಯ ತರಗತಿಯಲ್ಲಿ ಪ್ರತಿ ವಾರ ನೋಡುತ್ತೇನೆ. ಮೈ ಬಿಗಿಯುವುದು ಸುಳ್ಳಲ್ಲ. ಆದರೆ ಬಿಗಿ ಅಂತ ಆಜ್ಞೆ ಹೋಗುವುದು ನರಮಂಡಲದಿಂದ. ನೆನಪು ಇರುವುದು ಮೆದುಳಿನಲ್ಲಿ. ತೊಡೆಯೊಳಗೆ ಗಂಟು ಕಟ್ಟಿಟ್ಟ ದುಃಖ ಅಂತ ಏನೂ ಇಲ್ಲ. ಜಾಡಿಸಿ ಕುಣಿದರೆ ಅದು ಉದುರುವುದಿಲ್ಲ. ಹೆದರಿದ ನರಮಂಡಲಕ್ಕೆ ಬೇಕಾದದ್ದು ಇನ್ನೊಂದು ಬಿರುಗಾಳಿ ಅಲ್ಲ. ಇಲ್ಲಿ ನಿಂತಿದ್ದೇನೆ, ನೆಲ ಗಟ್ಟಿಯಾಗಿದೆ, ಬೇಕೆಂದಾಗ ನಿಲ್ಲಿಸಬಹುದು ಅನ್ನುವುದು ಅದಕ್ಕೆ ಮತ್ತೆ ಮತ್ತೆ ಗೊತ್ತಾಗಬೇಕು. ನಿಲ್ಲಿಸಲು ಹೊರಟ ನಿಮ್ಮನ್ನು ಅವರು ತಡೆದರಲ್ಲ, ಆ ಒಂದು ಕೆಲಸದಿಂದಲೇ ಇಡೀ ಅಭ್ಯಾಸ ತಲೆಕೆಳಗಾಯಿತು.

ಅಳು ಬಂದದ್ದಕ್ಕೆ ನಾಚಿಕೆ ಬೇಡ. ಮಾತಿಲ್ಲದೆ, ಸಂಗೀತದ ಜೊತೆ, ಮೈ ಕಡೆ ಗಮನ ಕೊಟ್ಟು ಅರ್ಧ ಗಂಟೆ ಚಲಿಸಿದರೆ ಅಳು ಬರಬಹುದು. ನನ್ನ ತರಗತಿಗಳಲ್ಲೂ ಅಳುತ್ತಾರೆ. ಅಳು ಬಂತು ಅಂದರೆ ಅಳು ಬಂತು, ಅಷ್ಟೇ. ಅದನ್ನು ಚಿಕಿತ್ಸೆಯ ರಸೀದಿ ಮಾಡಬಾರದು. ಅತ್ತ ಮೇಲೆ ಹಗುರಾಗಿದ್ದರೆ, ರಾತ್ರಿ ನಿದ್ದೆ ಬಂದರೆ ಒಳ್ಳೇದು. ಮೂರು ರಾತ್ರಿ ನಿದ್ದೆ ಕೆಟ್ಟಿತು ಅಂದರೆ ನಿಮ್ಮ ಮೈ ತಾಳುವುದಕ್ಕಿಂತ ಜಾಸ್ತಿ ಆಯಿತು ಅಂತಲೇ ಅರ್ಥ. ಅದು ವಾರ ದಾಟಿದರೆ, ಹಳೆಯ ಘಟನೆ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿದ್ದರೆ, ಮನೋವೈದ್ಯರನ್ನೋ ತರಬೇತಾದ ಆಪ್ತಸಮಾಲೋಚಕರನ್ನೋ ನೋಡಿ. ನೃತ್ಯ ಕಲಿಸುವವರನ್ನಲ್ಲ. ನನ್ನನ್ನೂ ಅಲ್ಲ.

ಈ ಹಾದಿ ತೋರಿಸಿದವರ ಹೆಸರನ್ನು ಈಗಿನ ಶಿಬಿರದವರು ಧಾರಾಳವಾಗಿ ಬಳಸುತ್ತಾರೆ. ಹಾದಿ ತೋರಿಸಿದವರು ನಿಜಕ್ಕೂ ಏನು ಮಾಡಿದ್ದರು ನೋಡಿ. ಅಮೆರಿಕದ ನರ್ತಕಿ ಮೇರಿಯನ್ ಚೇಸ್ 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಶುರು ಮಾಡಿದರು. ಮಾತು ನಿಲ್ಲಿಸಿದ್ದ ರೋಗಿಗಳ ಚಿಕ್ಕ ಚಿಕ್ಕ ಚಲನೆಯನ್ನು ಗಮನಿಸಿ, ಅದನ್ನೇ ತಮ್ಮ ಮೈಯಲ್ಲಿ ತೋರಿಸಿ, ಅಲ್ಲಿಂದ ಅವರ ಜೊತೆ ಹೆಜ್ಜೆ ಹಾಕಿದರು. ರೋಗಿ ಇದ್ದಲ್ಲಿಗೆ ಅವರೇ ಹೋದರು. 1950ರ ದಶಕದಲ್ಲಿ ನೃತ್ಯ ಶಿಕ್ಷಕಿ ಮೇರಿ ಸ್ಟಾರ್ಕ್ಸ್ ವೈಟ್‌ಹೌಸ್ ರೂಪಿಸಿದ ಪದ್ಧತಿಯಿಂದ 'ಅಥೆಂಟಿಕ್ ಮೂವ್‌ಮೆಂಟ್' ಬೆಳೆಯಿತು. ಕಣ್ಣು ಮುಚ್ಚಿ ಚಲಿಸುವುದು ಅಲ್ಲಿಂದ ಬಂದದ್ದು ನಿಜ. ಆದರೆ ಅಲ್ಲಿ ಒಬ್ಬರು ಕಣ್ಣು ಮುಚ್ಚಿ ಚಲಿಸಿದರೆ ಇನ್ನೊಬ್ಬರು ಕಣ್ಣು ತೆರೆದು, ಸುಮ್ಮನೆ, ಇಡೀ ಹೊತ್ತು ಅವರನ್ನೇ ನೋಡುತ್ತಾ ಕೂತಿರುತ್ತಾರೆ. ಅವರಿಗೆ ಸಾಕ್ಷಿ ಅಂತಲೇ ಹೆಸರು. ಸಾಕ್ಷಿಯನ್ನು ಬಿಟ್ಟು ಮುಚ್ಚಿದ ಕಣ್ಣನ್ನು ಮಾತ್ರ ಎತ್ತಿಕೊಂಡು ಬಂದರೆ ಏನು ಬಂತು? ಗೇಬ್ರಿಯಲ್ ರಾತ್ ಅವರ 'ಫೈವ್ ರಿದಮ್ಸ್' ಅನ್ನುವ ನೃತ್ಯ ಪದ್ಧತಿಯ ಕಥೆಯೂ ಇದೇ. ಅದರಲ್ಲಿ ಐದು ಲಯ: ಹರಿಯುವುದು, ಬಿಡಿಬಿಡಿಯಾಗಿ ಬಡಿಯುವುದು, ಎಲ್ಲ ಕಲಕಿಹೋಗುವುದು, ಹಗುರಾಗುವುದು, ನಿಶ್ಚಲವಾಗುವುದು. ಕಲಕುವ ಲಯ ಮೂರನೆಯದು. ಅದಾದ ಮೇಲೆ ಇಳಿಯಲು ಇನ್ನೂ ಎರಡು ಮೆಟ್ಟಿಲು ಇಟ್ಟಿದ್ದಾರೆ. ನಕಲು ಮಾಡುವವರು ಮೂರನೆಯದರಲ್ಲೇ ಜನರನ್ನು ಬಿಟ್ಟು ಮನೆಗೆ ಕಳಿಸುತ್ತಾರೆ.

ಕಣ್ಣಿನ ವಿಷಯದಲ್ಲಿ ನಾನು ಜಾಸ್ತಿಯೇ ಎಚ್ಚರ. ಅದಕ್ಕೆ ಕಾರಣ ಇದೆ. ಹಲವು ವರ್ಷದ ಹಿಂದೆ ಒಂದು ಶಿಬಿರದಲ್ಲಿ ನಾನೂ ಭಾಗವಹಿಸಿದ್ದೆ. ಪಕ್ಕದಲ್ಲಿದ್ದವರು ಕಣ್ಣು ಮುಚ್ಚಿ ಗಿರಗಿರ ಸುತ್ತುತ್ತಿದ್ದರು. ನಿಂತ ಮರುಕ್ಷಣ ಬಿದ್ದರು, ಮಣಿಕಟ್ಟು ಮುರಿಯಿತು. ಸಂಗೀತ ನಿಲ್ಲಿಸಲು ಯಾರೂ ಮುಂದಾಗಲಿಲ್ಲ. ನಾವು ಬೀಳದೆ ನಿಲ್ಲುವುದು ಮೂರರ ಬಲದಿಂದ: ಕಣ್ಣು, ಒಳಕಿವಿ, ಮತ್ತು ಸ್ನಾಯು, ಕೀಲುಗಳಿಂದ ಬರುವ ಸುದ್ದಿ. ಕಣ್ಣು ಮುಚ್ಚಿದಿರಿ, ಒಂದು ಹೋಯಿತು. ಸುತ್ತಿದಿರಿ, ಒಳಕಿವಿಯ ನಾಳಗಳಲ್ಲಿರುವ ದ್ರವ ನೀವು ನಿಂತ ಮೇಲೂ ಹರಿಯುತ್ತಲೇ ಇರುತ್ತದೆ, ಎರಡನೆಯದೂ ತಪ್ಪು ಹೇಳುತ್ತದೆ. ದಣಿದ ಕಾಲೊಂದು ಉಳಿಯಿತು. ನನ್ನ ತರಗತಿಯಲ್ಲಿ ಕಣ್ಣು ಅರ್ಧ ತೆರೆದಿರಬೇಕು, ನೋಟ ನೆಲದ ಮೇಲಿರಬೇಕು. ಇದನ್ನು ಅಂಜುಬುರುಕತನ ಅಂದವರಿದ್ದಾರೆ. ಅನ್ನಲಿ.

ಮತ್ತೆ ಯಾವಾಗಲಾದರೂ ನಿಮಗೆ ಕೈ ಜುಮ್ಮೆಂದರೆ, ತಲೆ ಸುತ್ತಿದರೆ ಯಾರ ಅಪ್ಪಣೆಗೂ ಕಾಯದೆ ನಿಲ್ಲಿಸಿ. ಕಣ್ಣು ತೆರೆಯಿರಿ. ಗೋಡೆಗೆ ಬೆನ್ನು ಕೊಟ್ಟು ಕೂರಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡಿ, ಬಿಡುವ ಉಸಿರು ಎಳೆದದ್ದಕ್ಕಿಂತ ಉದ್ದ ಇರಲಿ. ಕೋಣೆಯಲ್ಲಿರುವ ವಸ್ತುಗಳನ್ನು ಒಂದೊಂದಾಗಿ ನೋಡಿ. ಉಸಿರಿನಿಂದಲೇ ಆದದ್ದಾದರೆ ಕೆಲವೇ ನಿಮಿಷದಲ್ಲಿ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಾಗದದ ಚೀಲದೊಳಗೆ ಉಸಿರಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ತೊಂದರೆ ಹೃದಯದ್ದೋ ಆಸ್ತಮಾದ್ದೋ ಆಗಿದ್ದರೆ ಅದು ಜೀವಕ್ಕೇ ಅಪಾಯ. ಎದೆ ನೋವು, ಒಂದೇ ಕಡೆಯ ಕೈ ಕಾಲು ಮರಗಟ್ಟುವುದು, ಮಾತು ತೊದಲುವುದು, ಎಚ್ಚರ ತಪ್ಪುವುದು ಇದ್ದರೆ ತಕ್ಷಣ ಆಸ್ಪತ್ರೆ. ಬಸುರಿಯರು, ಮೂರ್ಛೆ ರೋಗ, ಹೃದಯದ ಕಾಯಿಲೆ, ಹತೋಟಿಗೆ ಬಾರದ ಬಿಪಿ ಇರುವವರು ಶಿಬಿರದ ಆ ಜೋರು ಉಸಿರಾಟದ ಹತ್ತಿರವೂ ಸುಳಿಯಬೇಡಿ.

ಹಾಗಂತ ಕುಣಿಯುವುದನ್ನೇ ಬಿಡಬೇಡಿ. ಒಬ್ಬ ಹೆಂಗಸು ನನ್ನ ತರಗತಿಗೆ ಬಂದು ಮೊದಲ ನಾಲ್ಕು ವಾರ ಬಾಗಿಲ ಪಕ್ಕವೇ ನಿಂತರು. ಚಲಿಸಿದ್ದು ಬಲಗೈ ಮಾತ್ರ. ತೋರುಬೆರಳಿನಿಂದ ಹೆಬ್ಬೆರಳಿನ ಉಗುರನ್ನು ಸವರುವುದು, ಬಿಡುವುದು, ಮತ್ತೆ ಸವರುವುದು. ನಾನು ಏನೂ ಹೇಳಲಿಲ್ಲ. ಐದನೇ ವಾರ ಅದು ಮಣಿಕಟ್ಟಿಗೆ ಬಂತು. ಆಮೇಲೆ ಮೊಣಕೈ ಎದ್ದಿತು, ಅದರ ಹಿಂದೆಯೇ ಭುಜ ಕೆಳಗೆ ಇಳಿಯಿತು. ಆ ದಿನ ಅವರು ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದರು. ಅಲ್ಲಿ ಅಳುವೂ ಇರಲಿಲ್ಲ, ಕಿರುಚಾಟವೂ ಇರಲಿಲ್ಲ. ನಾನು ಈ ಕೆಲಸದಲ್ಲಿ ಕಂಡ ದೊಡ್ಡ ಬದಲಾವಣೆಗಳಲ್ಲಿ ಅದೂ ಒಂದು. ನೋಡಿ, ನಮ್ಮ ಭಾಷೆಯಲ್ಲಿ ಮೈಮರೆತು ಕುಣಿಯುವುದು ಅಂತ ಇದೆ. ಚೆಂದದ ಮಾತು, ಆದರೆ ಈ ಅಭ್ಯಾಸಕ್ಕೆ ಒಗ್ಗುವುದಿಲ್ಲ. ಇಲ್ಲಿ ಮೈಯನ್ನು ಮರೆಯಲು ಬರುವುದಲ್ಲ, ಮರೆತ ಮೈಯನ್ನು ನೆನಪು ಮಾಡಿಕೊಳ್ಳಲು ಬರುವುದು.

ಪ್ರಶ್ನೆ: ಬೆವರಿದರೆ ದೇಹದ ವಿಷವೆಲ್ಲ ಹೊರಗೆ ಹೋಗುತ್ತದಂತೆ, ಹೌದಾ?

ಇಲ್ಲ. ಬೆವರು ಬಹುಪಾಲು ನೀರು ಮತ್ತು ಉಪ್ಪು, ಅದು ಇರುವುದು ಮೈ ತಂಪಾಗಿಸಲು. ವಿಷ ತೆಗೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು.

ಪ್ರಶ್ನೆ: ಖಿನ್ನತೆಗೆ ಮಾತ್ರೆ ತಗೊಳ್ತಿದ್ದೇನೆ. ನೃತ್ಯ ಶುರು ಮಾಡಿದ ಮೇಲೆ ಚೆನ್ನಾಗಿದ್ದೇನೆ. ಮಾತ್ರೆ ಬಿಡಲಾ?

ನೃತ್ಯವನ್ನೂ ಮಾಡಿ, ಮಾತ್ರೆಯನ್ನೂ ತಗೊಳ್ಳಿ. ಥಟ್ಟನೆ ಬಿಟ್ಟರೆ ತೊಂದರೆ ಆಗುತ್ತದೆ, ಬಿಡುವ ಮಾತು ಬರೆದುಕೊಟ್ಟ ವೈದ್ಯರ ಜೊತೆ ಮಾತ್ರ.

ಪ್ರಶ್ನೆ: ಯಾವ ಸಂಗೀತ ಹಾಕಿದರೆ ಚಕ್ರಗಳು ಬೇಗ ತೆರೆಯುತ್ತವೆ?

ಇದಕ್ಕೆ ನಾನು ಉತ್ತರಿಸುವುದಿಲ್ಲ. ಸಂಗೀತ ಇಲ್ಲದೆಯೂ ಒಮ್ಮೆ ಚಲಿಸಿ ನೋಡಿ.

ಪ್ರಶ್ನೆ: ಶಿಕ್ಷಕರು ಕೇಳದೆ ಮೈ ಮುಟ್ಟಿ ತಿದ್ದುತ್ತಾರೆ. ಮುಜುಗರ ಆಗುತ್ತದೆ. ನಾನೇ ಸಂಕುಚಿತಳಾ?

ಅಲ್ಲ. ಕೇಳದೆ ಮುಟ್ಟುವವರ ತರಗತಿಯಿಂದ ನಡುವೆಯೇ ಎದ್ದು ಬನ್ನಿ. ನಿಮ್ಮ ಮೈ ಬೇಡ ಅಂದದ್ದು ನಿಮಗೆ ಕೇಳಿಸಿದೆ, ಅದಕ್ಕಿಂತ ದೊಡ್ಡ ದೇಹದ ಅರಿವು ಬೇರೆ ಬೇಕಿಲ್ಲ.

ಪ್ರಶ್ನೆ: ಎಲ್ಲರೂ ಏನೇನೋ ಅನುಭವ ಹೇಳುತ್ತಾರೆ. ನನಗೆ ಮೈಯಲ್ಲಿ ಏನೂ ಗೊತ್ತಾಗುವುದೇ ಇಲ್ಲ. ನನಗೆ ಇದು ಆಗಿಬರಲ್ವಾ?

ಇದು ಒಳ್ಳೆಯ ಪ್ರಶ್ನೆ. ಈ ಗದ್ದಲದಲ್ಲಿ ಇಂಥವರೇ ಹಿಂದೆ ಸರಿಯುತ್ತಾರೆ ಅನ್ನುವುದು ನನ್ನ ಸಂಕಟ. 1972ರಲ್ಲಿ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್, ಅಂದರೆ ಒಬ್ಬರಿಗೊಬ್ಬರು ಮೈ ತಾಗಿಸಿ ಭಾರ ಕೊಟ್ಟು ಆಗಿಂದಾಗ ಹುಟ್ಟಿಸುವ ನೃತ್ಯ, ಶುರು ಮಾಡಿದ ಸ್ಟೀವ್ ಪ್ಯಾಕ್ಸ್‌ಟನ್ ಒಂದು ಅಭ್ಯಾಸ ಹೇಳಿಕೊಡುತ್ತಿದ್ದರು, ಹೆಸರು 'ಸಣ್ಣ ನೃತ್ಯ'. ಅದರಲ್ಲಿ ಮಾಡುವುದು ನಿಲ್ಲುವುದನ್ನಷ್ಟೇ. ಬರಿಗಾಲಲ್ಲಿ ನಿಲ್ಲಿ, ಪಾದಗಳ ನಡುವೆ ಒಂದು ಗೇಣು ಜಾಗ ಇರಲಿ, ಮಂಡಿ ಬಿಗಿಯಬೇಡಿ. ಅಲುಗಾಡದೆ ನಿಂತಿದ್ದೇನೆ ಅಂತ ನಿಮಗೆ ಅನಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅಂಗಾಲನ್ನು ಗಮನಿಸಿ. ಭಾರ ಹಿಮ್ಮಡಿಯಿಂದ ಬೆರಳ ಬುಡಕ್ಕೆ ಜಾರುತ್ತದೆ, ಮತ್ತೆ ಹಿಂದೆ ಬರುತ್ತದೆ. ಹೆಬ್ಬೆರಳು ನೆಲವನ್ನು ಒಂದಿಷ್ಟು ಒತ್ತುತ್ತದೆ, ಬಿಡುತ್ತದೆ. ಮೀನಖಂಡ ಬಿಗಿಯುತ್ತದೆ, ಸಡಿಲವಾಗುತ್ತದೆ. ಇದನ್ನೆಲ್ಲ ನೀವು ಮಾಡುತ್ತಿಲ್ಲ, ಅದು ಆಗುತ್ತಿದೆ. ನೀವು ನಡೆಯಲು ಕಲಿತ ದಿನದಿಂದಲೂ ಆಗುತ್ತಿದೆ. ದಿನಕ್ಕೆ ಎರಡೇ ನಿಮಿಷ ಸಾಕು, ಕಣ್ಣು ತೆರೆದೇ ಮಾಡಿ. ಮೊದಲ ವಾರ ಒಂದೇ ಕಾಲು ಗೊತ್ತಾಗಬಹುದು. ಯಾವ ಕಾಲು ಅಂತ ನನಗೆ ಬರೆಯಿರಿ.